ಭೂಮಿ ಉಳಿಸಿಕೊಂಡೆವು, ಈ ಮುಂಗಾರಿಗೆ ಒಂದೆಕರೆ ಅಕ್ಕಡಿ, ಮನೆಗೊಂದು ಕೈತೋಟ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ರೈತ ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ, ಡೇರಿಗೆ ಹಾಲು ಹಾಕುವ ತಾಯಂದಿರಲ್ಲಿ, ಮಗ್ಗದ ಮನೆಯವರಲ್ಲಿ, ಬೆಳಗ್ಗೆ ಕಂಪನಿ ಬಸ್ಸು ಹತ್ತಿ ರಾತ್ರಿ ಊರಿಗೆ ಬರುವ ಮಕ್ಕಳಲ್ಲಿ ಒಂದು ಮನವಿ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹೆಸರು ಈಗ ರಾಜ್ಯಕ್ಕೆಲ್ಲ ಗೊತ್ತು. 13 ಹಳ್ಳಿಗಳ 1,777 ಎಕರೆಗೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ನೋಟಿಸು ಬಂತು. ಏರೋಸ್ಪೇಸ್ ಪಾರ್ಕು ಅಂದರು. 2022ರ ಏಪ್ರಿಲ್ 4ರಂದು ರೈತರು ಧರಣಿ ಕೂತರು. ಬಿಸಿಲು, ಮಳೆ, ಚಳಿ, ಪೊಲೀಸರು, ಎಲ್ಲ ಆಯಿತು. ಒಂದು ಸರ್ಕಾರ ಹೋಗಿ ಇನ್ನೊಂದು ಬಂತು. 1,200 ದಿನದ ಹತ್ತಿರ ಹತ್ತಿರ ಕೂತ ಮೇಲೆ, 2025ರ ಜುಲೈ 15ರಂದು, ಭೂಸ್ವಾಧೀನ ಕೈಬಿಟ್ಟಿದ್ದೇವೆ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದರು. ಅದಕ್ಕೂ ಮೊದಲು ಹೊಸಕೋಟೆಯ ನಂದಗುಡಿ ಕಡೆ ವಿಶೇಷ ಆರ್ಥಿಕ ವಲಯ ಅಂತ ಬಂದಾಗಲೂ ಜನ ಬಿಟ್ಟುಕೊಡಲಿಲ್ಲ. ಈ ಸೀಮೆಯ ರೈತರಿಗೆ ‘ಕೊಡೋಲ್ಲ’ ಅನ್ನೋದಕ್ಕೆ ಬರುತ್ತೆ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಅದೇ ಜುಲೈ 15ರಂದು ಮುಖ್ಯಮಂತ್ರಿಗಳು ಇನ್ನೊಂದು ಮಾತೂ ಹೇಳಿದ್ದರು. ತಾವಾಗಿ ಜಮೀನು ಕೊಡಲು ಮುಂದೆ ಬಂದವರಿಂದ ಸರ್ಕಾರ ತೆಗೆದುಕೊಳ್ಳುತ್ತದೆ, ಅವರಿಗೆ ಹೆಚ್ಚು ಪರಿಹಾರ ಕೊಡುತ್ತದೆ ಅಂತ. ಸಂಭ್ರಮದಲ್ಲಿ ಆ ಮಾತನ್ನು ನಾವು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಕರಪತ್ರ ಇರುವುದು ಅದರ ಬಗ್ಗೆಯೇ.

ರೈತ ತಾನಾಗಿ ಜಮೀನು ಕೊಡುವುದು ಯಾವಾಗ? ಮನೆಯಲ್ಲಿ ಕಾಳು ತುಂಬಿರುವಾಗ ಯಾರೂ ಕೊಡುವುದಿಲ್ಲ. ಮೂರನೇ ಬೋರ್‌ವೆಲ್ಲೂ ಫೇಲಾದಾಗ, ಗೊಬ್ಬರದಂಗಡಿಯ ಬಾಕಿ, ಸೊಸೈಟಿ ಸಾಲ, ಚೀಟಿ ದುಡ್ಡು ಒಟ್ಟಿಗೆ ಕುತ್ತಿಗೆಗೆ ಬಂದಾಗ, ಟೊಮೆಟೊ ಕೀಳುವ ಕೂಲಿಯೂ ಹುಟ್ಟದೆ ಹೊಲದಲ್ಲೇ ಬಿಟ್ಟಾಗ, ಮಾರನೆಯ ದಿನ ಬ್ರೋಕರು ಮನೆ ಜಗಲಿ ಮೇಲೆ ಕೂತಿರುತ್ತಾನೆ. ಸರ್ಕಾರದ ನೋಟಿಸಿಗೆ ಧರಣಿ ಕೂರಬಹುದು. ಸಾಲದ ನೋಟಿಸಿಗೆ ಎಲ್ಲಿ ಕೂರೋದು?

ಅದಕ್ಕೇ ನಾವು ಕೇಳುತ್ತಿರುವುದು ಇಷ್ಟೇ. ಈ ಮುಂಗಾರಿಗೆ ಪ್ರತಿ ಒಕ್ಕಲು ಮನೆಯವರು ಒಂದೇ ಒಂದು ಎಕರೆಗೆ, ಅದೂ ಆಗದಿದ್ದರೆ ಹತ್ತು ಗುಂಟೆಗೆ, ಹಳೇ ಪದ್ಧತಿಯಲ್ಲಿ, ನಡುನಡುವೆ ಬೇರೆ ಕಾಳಿನ ಅಕ್ಕಡಿ ಸಾಲು ಬಿಟ್ಟು ರಾಗಿ ಹಾಕಿ. ಜಮೀನಿಲ್ಲದವರು, ಲೇಔಟಿನಲ್ಲಿರುವವರು, ಮಗ್ಗದ ಮನೆಯವರು ಹಿತ್ತಲಲ್ಲೋ ತಾರಸಿ ಮೇಲೋ ಕೈತೋಟ ಮಾಡಿ. ಬೀಜವನ್ನು ಕೊಳ್ಳದೆ, ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳಿ.

ನೀಲಗಿರಿಯ ಪಾಠ

ಒಂದೇ ಬೆಳೆ, ಒಂದೇ ಕೊಳ್ಳುವವನು ಅನ್ನುವ ಬೇಸಾಯ ನಮಗೆ ಹೊಸದೇನಲ್ಲ. ನಲವತ್ತು ವರ್ಷದ ಹಿಂದೆ ಸಾಮಾಜಿಕ ಅರಣ್ಯ ಅಂತ ವಿಶ್ವಬ್ಯಾಂಕಿನ ದುಡ್ಡಿನಲ್ಲಿ ಯೋಜನೆ ಬಂತು. ಊರಿಗೆ ಸೌದೆ, ದನಕ್ಕೆ ಸೊಪ್ಪು ಸಿಗುತ್ತೆ ಅಂದರು. ಕೊನೆಗೆ ಬಂದದ್ದು ನೀಲಗಿರಿ. ಹೊಸಕೋಟೆ, ನೆಲಮಂಗಲ, ಕೋಲಾರದ ಕಡೆಯೆಲ್ಲ ರಾಗಿ ಹೊಲಗಳು ನೀಲಗಿರಿ ತೋಪಾದವು. ಉಳುಮೆ ಬೇಡ, ಕಳೆ ಬೇಡ, ಕಾವಲು ಬೇಡ, ಕೆಲವು ವರ್ಷಕ್ಕೊಮ್ಮೆ ಲಾರಿ ಬಂದು ಕಡಿದುಕೊಂಡು ಹೋಗುತ್ತೆ, ಕೈಗೆ ದುಡ್ಡು. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಜಮೀನುದಾರರಿಗೆ ಇದಕ್ಕಿಂತ ಸುಖ ಬೇರೆ ಇರಲಿಲ್ಲ. ಕೂಲಿ ಮಾಡುವ ಹೆಣ್ಣುಮಕ್ಕಳಿಗೆ ಮಾತ್ರ ಕಳೆ ಕೆಲಸವೂ ಹೋಯಿತು, ಕೂಲಿಯಾಗಿ ಬರುತ್ತಿದ್ದ ರಾಗಿಯೂ ಹೋಯಿತು. 1983ರಲ್ಲಿ ಪಕ್ಕದ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿದಾಗ ಅವರನ್ನು ಅಭಿವೃದ್ಧಿ ವಿರೋಧಿಗಳು ಅಂದವರೇ ಹೆಚ್ಚು.

2017ರಲ್ಲಿ ಸರ್ಕಾರವೇ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಿತು. ಮೂವತ್ತನಾಲ್ಕು ವರ್ಷ ತಡವಾಗಿ. ಅಷ್ಟು ಹೊತ್ತಿಗೆ ನಮ್ಮ ನಾಲ್ಕೂ ತಾಲ್ಲೂಕುಗಳು ಅಂತರ್ಜಲ ಅತಿಯಾಗಿ ಬಳಸಿದ ಪಟ್ಟಿಗೆ ಸೇರಿಯಾಗಿದ್ದವು. ನೀಲಗಿರಿಯೊಂದೇ ಕಾರಣ ಅಂತ ನಾವು ಹೇಳುವುದಿಲ್ಲ. ಕೆರೆ ಕಾಲುವೆ ಮುಚ್ಚಿದ್ದು, ಮರಳು ಬಗೆದದ್ದು, ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯನ್ನು ದೊಡ್ಡಬಳ್ಳಾಪುರ ದಾಟುವಷ್ಟರಲ್ಲಿ ಚರಂಡಿ ಮಾಡಿದ್ದು, ಸಾವಿರದಿನ್ನೂರು, ಸಾವಿರದೈನೂರು ಅಡಿಗೆ ಕೊರೆದದ್ದು ಎಲ್ಲ ಸೇರಿ ಆದದ್ದು ಅದು. ಈಗ ನೀಲಗಿರಿ ಬುಡ ಕೀಳಿಸೋದಕ್ಕೆ ಜೇಸಿಬಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತಿರುವವರೂ ನಾವೇ.

ಈಗಿನ ಹೊಸ ನೀಲಗಿರಿಗಳಿಗೆ ಬೇರೆ ಹೆಸರಿದೆ. ಕಂಪನಿಯೇ ಬೀಜ ಕೊಟ್ಟು, ಔಷಧಿ ಕೊಟ್ಟು, ಕೊನೆಗೆ ಸೈಜು ನೋಡಿ ತೂಕ ಹಾಕುವ ಗರ್ಕಿನ್ ಮಿಡಿಸೌತೆ. ಕೋಳಿ, ಫೀಡು, ರೇಟು ಮೂರೂ ಕಂಪನಿಯದು, ಶೆಡ್ಡಿನ ಸಾಲ ಮಾತ್ರ ನಮ್ಮದು ಅನ್ನುವ ಬ್ರಾಯ್ಲರ್ ಫಾರಂ. ವಾರಕ್ಕೆ ಎಷ್ಟು ಸಲ ಔಷಧಿ ಹೊಡೆದೆವು ಅನ್ನೋದೇ ಲೆಕ್ಕ ತಪ್ಪುವ ಗುಲಾಬಿ ಮತ್ತು ದಪ್ಪ ಮೆಣಸಿನಕಾಯಿ ಪಾಲಿಹೌಸು. ಇವನ್ನು ಮಾಡುವವರು ಕೆಟ್ಟವರಲ್ಲ, ನಮ್ಮ ಅಣ್ಣತಮ್ಮಂದಿರೇ. ಕೆಲವರು ಚೆನ್ನಾಗಿ ದುಡಿದಿದ್ದಾರೆ ಕೂಡ. ನಾಳೆಯೇ ಪಾಲಿಹೌಸು ಕಿತ್ತು ಹಾಕಿ ಅಂತ ನಾವು ಹೇಳುತ್ತಿಲ್ಲ. ಹಾಗೆ ಹೇಳಿದ ದೇಶ ಒಂದಿದೆ. ಶ್ರೀಲಂಕಾ ಸರ್ಕಾರ 2021ರಲ್ಲಿ ಒಂದೇ ಏಟಿಗೆ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿತು; ಭತ್ತದ ಇಳುವರಿ ಬಿತ್ತು, ಅದೇ ವರ್ಷ ನವೆಂಬರಿನಲ್ಲಿ ಆದೇಶ ವಾಪಸು ತೆಗೆದುಕೊಂಡಿತು. ಮಣ್ಣು ಸರ್ಕಾರದ ಆದೇಶ ಕೇಳುವುದಿಲ್ಲ. ಅದಕ್ಕೇ ಮೊದಲು ಒಂದೆಕರೆ. ಉಳಿದದ್ದು ನಿಮ್ಮ ಲೆಕ್ಕದ ಪುಸ್ತಕ ಹೇಳಲಿ.

ಅಕ್ಕಡಿ ಅಂದರೆ ಏನು ಅಂತ ಮಕ್ಕಳಿಗೆ ಗೊತ್ತಿಲ್ಲ

ಐವತ್ತು ದಾಟಿದವರಿಗೆ ಹೇಳಬೇಕಿಲ್ಲ. ಅವರ ಮಕ್ಕಳಿಗಾಗಿ ಬರೆಯುತ್ತಿದ್ದೇವೆ. ಪುನರ್ವಸು, ಪುಷ್ಯ ಮಳೆಯ ಹದ ನೋಡಿ ಕೂರಿಗೆಯಲ್ಲಿ ರಾಗಿ ಬಿತ್ತುವಾಗ, ಎಂಟು ಹತ್ತು ಸಾಲಿಗೊಂದು ಸಾಲು ಬಿಟ್ಟು, ಕೂರಿಗೆಯ ಹಿಂದೆ ಸಡ್ಡೆ ಹಿಡಿದು ಹೆಂಗಸರು ಬೇರೆ ಕಾಳು ಬಿಡುತ್ತಿದ್ದರು. ಅವರೆ, ತೊಗರಿ, ಅಲಸಂದೆ, ಸಾಸಿವೆ, ಜೋಳ, ಹರಳು. ಹೊಲದ ಅಂಚಿಗೆ ಹುಚ್ಚೆಳ್ಳು, ಯಾಕೆಂದರೆ ದನ ಅದಕ್ಕೆ ಬಾಯಿ ಹಾಕುವುದಿಲ್ಲ, ಖರ್ಚಿಲ್ಲದ ಬೇಲಿ.

ಈಗ ಈ ಹೊಲ ಕೊಡುವುದನ್ನು ತಿಂಗಳ ಪ್ರಕಾರ ನೋಡಿ. ಬಿತ್ತಿದ ಎರಡು ತಿಂಗಳಿಗೆ ಅಲಸಂದೆಕಾಯಿ ಸಾರಿಗೆ ಬಂತು. ಆಮೇಲೆ ಸಾಸಿವೆ. ದೀಪಾವಳಿ ಹಿಂದೆ ಮುಂದೆ ರಾಗಿ ಕೊಯ್ಲು, ಹುಚ್ಚೆಳ್ಳು ಹೂವು, ಅದರ ಮೇಲೆ ಜೇನು. ರಾಗಿ ಕೊಯ್ದು ಹೊಲ ಖಾಲಿಯಾಯಿತು ಅನ್ನುವಾಗ ಅವರೆ ಚಳಿ ಕುಡಿದು ಹೂ ಬಿಡುತ್ತೆ. ಧನುರ್ಮಾಸದ ಇಬ್ಬನಿಗೆ ಸೊಗಡು ಕಟ್ಟುತ್ತೆ. ಸಂಕ್ರಾಂತಿಗೆ ಹಿತಕಿದ ಬೇಳೆ. ಶಿವರಾತ್ರಿ ಹೊತ್ತಿಗೆ ತೊಗರಿ ಒಣಗುತ್ತೆ. ಹರಳು ಬೇಸಿಗೆವರೆಗೂ ಬಿಡಿಸಬಹುದು. ಅರ್ಧ ವರ್ಷ ಒಂದೇ ಹೊಲದಿಂದ ಮನೆಗೆ ಏನೋ ಒಂದು ಬರುತ್ತಲೇ ಇರುತ್ತೆ. ಮಳೆ ನಡುವೆ ಕೈಕೊಟ್ಟು ರಾಗಿ ಜಳ್ಳಾದರೆ ಆಳಕ್ಕೆ ಬೇರು ಬಿಟ್ಟ ತೊಗರಿ ನಿಂತಿರುತ್ತೆ; ಹಿಂಗಾರು ಜಾಸ್ತಿಯಾಗಿ ಅವರೆ ಹೂ ಉದುರಿದರೆ ರಾಗಿ ಆಗಲೇ ಮೆದೆಯಲ್ಲಿರುತ್ತೆ. ಎಲ್ಲವೂ ಒಟ್ಟಿಗೆ ಹೋಗುವುದು ಅಪರೂಪ. ಇವತ್ತಿನ ಬೆಳೆ ವಿಮೆಗಿಂತ ಈ ವಿಮೆ ಬೇಗ ಕ್ಲೇಮಾಗುತ್ತಿತ್ತು.

ಅವರೆ, ತೊಗರಿ, ಅಲಸಂದೆಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ; ಬೇರು, ಎಲೆ ಕೊಳೆತಾಗ ಅದು ಮಣ್ಣಿಗೂ ಸೇರುತ್ತೆ. ಅದೇ ಸಾರಜನಕವನ್ನು ನಾವು ಮೂಟೆಯಲ್ಲಿ ತರುತ್ತೇವೆ. 45 ಕೆ.ಜಿ. ಯೂರಿಯಾ ಮೂಟೆ 266 ರೂಪಾಯಿ 50 ಪೈಸೆ. ಸಬ್ಸಿಡಿ ಇರುವುದರಿಂದ ಅಗ್ಗ, ಅಗ್ಗ ಅಂತ ಒಂದಕ್ಕೆ ಎರಡು ಹಾಕುತ್ತೇವೆ. 50 ಕೆ.ಜಿ. ಡಿಎಪಿ 1,350 ರೂಪಾಯಿ. ಆದರೂ 2025ರ ಮುಂಗಾರಿನಲ್ಲಿ ಯೂರಿಯಾಕ್ಕೆ ರಾಜ್ಯದ ಎಷ್ಟೋ ಕಡೆ ಚಪ್ಪಲಿ ಸಾಲಿಟ್ಟು ಸರದಿ ನಿಂತದ್ದು ಮರೆತಿಲ್ಲವಲ್ಲ? ಎಲ್ಲೋ ಹಡಗು ತಡವಾದರೆ ನಮ್ಮ ಸಾಸಲು ಹೋಬಳಿಯ ರಾಗಿ ಹಳದಿಯಾಗುವ ಬೇಸಾಯವನ್ನು ಸ್ವತಂತ್ರ ಬೇಸಾಯ ಅನ್ನುವುದು ಹೇಗೆ?

ದುಡ್ಡಿನ ಮಾತು ಮಾಡೋಣ, ಯಾಕೆಂದರೆ ದುಡ್ಡಿಲ್ಲದ ಪುಣ್ಯದ ಮಾತು ಯಾರಿಗೂ ಬೇಡ. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಮಳೆ ಸರಿಯಾಗಿ ಬಿದ್ದು ಎಕರೆಗೆ ಎಂಟು ಕ್ವಿಂಟಲ್ ಬಂದರೂ 39,000 ರೂಪಾಯಿ ದಾಟುತ್ತೆ, ಹುಲ್ಲು ಬೇರೆ. ಬೋರ್‌ವೆಲ್ ಬೇಡ, ಡ್ರಿಪ್ ಬೇಡ. ಗುಲಾಬಿಗೆ ಹೋಲಿಸಿದರೆ ಕಡಿಮೆಯೇ. ಆದರೆ ಗುಲಾಬಿಗೆ ಹಾಕಿದ ಬಂಡವಾಳ ಕಳೆದು ನೋಡಿ, ರೇಟು ಬಿದ್ದ ತಿಂಗಳುಗಳನ್ನೂ ಸೇರಿಸಿ ನೋಡಿ. ಇನ್ನು ಅಕ್ಕಡಿ ಕಾಳುಗಳು: ಅದೇ ವರ್ಷ ತೊಗರಿಗೆ 8,000, ಹುಚ್ಚೆಳ್ಳಿಗೆ 9,537 ರೂಪಾಯಿ ಬೆಂಬಲ ಬೆಲೆ ಇತ್ತು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅವರೆ ಆ ಪಟ್ಟಿಯಲ್ಲೇ ಇಲ್ಲ. ಆದರೆ ಸೊಗಡಿನ ಅವರೆಗೆ ಜನವರಿಯಲ್ಲಿ ಬೆಂಗಳೂರು ಬಾಯಿ ಬಿಟ್ಟುಕೊಂಡು ಕಾಯುತ್ತೆ. ಅಲ್ಲಿ ನಡೆಯುವ ಅವರೆಬೇಳೆ ಮೇಳಕ್ಕೆ ಒಂದು ಸಂಜೆ ಹೋಗಿ ನೂಕುನುಗ್ಗಲು ನೋಡಿ ಬನ್ನಿ. ಒಂದು ಕೋಟಿ ಮೀರಿದ ಬಾಯಿಗಳು ನಲವತ್ತು ಕಿಲೋಮೀಟರಿನಲ್ಲಿವೆ. ಇಂಥ ಅನುಕೂಲ ರಾಯಚೂರಿನವರಿಗಿಲ್ಲ, ಬೀದರಿನವರಿಗಿಲ್ಲ. ವರ್ಷವಿಡೀ ಬಿಡುವ ಹೊಸ ಅವರೆ ತಳಿಗಳೂ ಇವೆ, ಮಾರುಕಟ್ಟೆಗೆ ಒಳ್ಳೆಯವೇ. ಸೊಗಡಿಗೆ ಮಾತ್ರ ಹಳೆಯದೇ ಬೇಕು ಅಂತ ಕೊಳ್ಳುವವರೇ ಮೂಸಿ ಹೇಳುತ್ತಾರೆ.

ಹೊಲದಲ್ಲಿ ಸಾಯುತ್ತಿರುವ ಸಾರು

ಕಳೆನಾಶಕದ ಡಬ್ಬಿ ಬಂದ ಮೇಲೆ ನಮ್ಮ ಮನೆಗಳಲ್ಲಿ ಒಂದು ಸಾರು ಕಾಣೆಯಾಗಿದೆ. ರಾಗಿ ಹೊಲಕ್ಕೆ ಕಳೆ ತೆಗೆಯಲು ಹೋದ ಹೆಂಗಸರು ಸಂಜೆ ಸೆರಗಿನಲ್ಲಿ ತರುತ್ತಿದ್ದ ಬೆರಕೆ ಸೊಪ್ಪು: ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನ್ನೆ, ಕಾಶಿ ಸೊಪ್ಪು, ಕೀರೆ, ಎಳೇ ನುಗ್ಗೆ ಚಿಗುರು. ಒಂದೂ ಬಿತ್ತಿದ್ದಲ್ಲ, ಒಂದಕ್ಕೂ ದುಡ್ಡು ಕೊಟ್ಟಿದ್ದಲ್ಲ. ಮಸ್ಸೊಪ್ಪೋ ಬಸ್ಸಾರೋ ಆಗಿ ಮುದ್ದೆಯ ಪಕ್ಕಕ್ಕೆ ಬರುತ್ತಿತ್ತು. ಕಬ್ಬಿಣದ ಅಂಶ ಕಡಿಮೆ ಅಂತ ಈಗ ಅಂಗನವಾಡಿಯಲ್ಲಿ ಮಾತ್ರೆ ಕೊಡುತ್ತಾರೆ. ಮಾತ್ರೆ ನುಂಗಿ, ಬೇಡ ಅನ್ನುವುದಿಲ್ಲ. ಆದರೆ ಅಣ್ಣೆ ಸೊಪ್ಪಿಗೆ ಕಳೆ ಅಂತ ಹೆಸರಿಟ್ಟು ವಿಷ ಹೊಡೆದು, ಸಂತೆಯಲ್ಲಿ ಪಾಲಕ್ ಕಟ್ಟು ಕೊಂಡು ತರುವ ಬುದ್ಧಿ ಯಾರು ಕಲಿಸಿದರೋ.

ಔಷಧಿ ಅಂಗಡಿಯಿಂದ ತರುವ ಡಬ್ಬಿಯ ಮೇಲೆ ಒಂದು ಬಣ್ಣದ ತ್ರಿಕೋನ ಇರುತ್ತೆ. ಅದನ್ನು ಓದಲು ಇಂಗ್ಲಿಷು ಬೇಕಾಗಿಲ್ಲ. ಕೆಂಪಿದ್ದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಅಂದರೆ ಕುಡಿಯಬಹುದು ಅಂತಲ್ಲ. ಹೊಡೆಯಲೇಬೇಕಾದವರು ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅನ್ನೋದನ್ನು ಡಬ್ಬಿಯ ಜೊತೆಗಿನ ಚೀಟಿಯಲ್ಲಿ ಓದಿಸಿಕೊಳ್ಳಿ. ಬೆಳಗ್ಗೆ ಹೊಡೆದ ಬದನೆಕಾಯಿ ಸಂಜೆ ದಾಸನಪುರದ ಮಾರ್ಕೆಟ್ಟಿಗೆ ಹೋಗಬಾರದು. ಬರೆಯದೇ ಇರಲಾಗದ ಒಂದು ಮಾತು: ಮಾರುವುದಕ್ಕೆ ಒಂದು ಸಾಲು, ಮನೆಗೆ ಔಷಧಿ ಹೊಡೆಯದ ಬೇರೆ ಸಾಲು ಇಟ್ಟುಕೊಳ್ಳುವವರು ನಮ್ಮಲ್ಲಿದ್ದಾರೆ. ಯಾವುದು ತಿನ್ನೋದಕ್ಕೆ ಯೋಗ್ಯ ಅಂತ ಅವರಿಗೆ ಆಗಲೇ ಗೊತ್ತು ಅಂತಾಯಿತು.

ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಕತೆ ನೆನಪಿರಲಿ. ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ವಿಮಾನದಿಂದ ಸುರಿದರು. ದಕ್ಷಿಣ ಕನ್ನಡದ ಕೊಕ್ಕಡದಲ್ಲೂ ಮಕ್ಕಳು ಮಲಗಿದಲ್ಲೇ ಬೆಳೆದರು. ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ತಡೆದದ್ದು 2011ರ ಮೇ ತಿಂಗಳಲ್ಲಿ. ಅಲ್ಲಿಯವರೆಗೂ ದೇಶದ ಎಷ್ಟೋ ಕಡೆ ಅದು ಅಂಗಡಿಯಲ್ಲಿ ರಸೀತಿ ಕೊಟ್ಟು ಮಾರುವ ಔಷಧಿಯೇ ಆಗಿತ್ತು.

ಆಗೋಲ್ಲ ಅನ್ನುವವರಿಗೆ

‘ಆಳು ಸಿಗೋಲ್ಲ.’ ನಿಜ. ಅಕ್ಕಡಿ ಹೋಗಿದ್ದಕ್ಕೆ ದೊಡ್ಡ ಕಾರಣ ಗೊಬ್ಬರವಲ್ಲ, ಕಟಾವು ಯಂತ್ರ. ಯಂತ್ರ ಬಂದರೆ ರಾಗಿ, ಅವರೆ ಎಲ್ಲ ಒಂದೇ ಸಲ ನುಂಗುತ್ತೆ. ಅದಕ್ಕೆ ಉಪಾಯ ಇದೆ. ಯಂತ್ರ ಓಡುವಷ್ಟು ಅಗಲದ ಪಟ್ಟಿ ರಾಗಿಗೆ ಬಿಟ್ಟು, ಪಟ್ಟಿ ಪಟ್ಟಿ ನಡುವೆ ಜೋಡಿ ಸಾಲು ತೊಗರಿ, ಅವರೆ ಹಾಕಿ. ಅಷ್ಟೂ ಬೇಡ ಅಂದರೆ ಬದುಗುಂಟ ಹಾಕಿ. ಒಂದೆಕರೆಯನ್ನು ಕೈಯಲ್ಲಿ ಕೊಯ್ಯುತ್ತೇವೆ ಅನ್ನುವವರು ಮುಯ್ಯಾಳು ಮಾಡಿಕೊಳ್ಳಿ. ನಾಲ್ಕು ಮನೆ ಸೇರಿದರೆ ನಾಲ್ಕು ದಿನದ ಕೆಲಸ. ಕೈಯಲ್ಲಿ ಕೊಯ್ದ ಹುಲ್ಲು ಹಸುವಿಗೆ ಎಷ್ಟು ಇಷ್ಟ ಅಂತ ಹಾಲು ಹಾಕುವವರಿಗೆ ಗೊತ್ತು.

‘ಗೊಬ್ಬರ ಎಲ್ಲಿದೆ?’ ನಿಮ್ಮ ಕೊಟ್ಟಿಗೆಯಲ್ಲಿದೆ. ಈ ನಾಲ್ಕು ತಾಲ್ಲೂಕಿನಲ್ಲಿ ಡೇರಿ ಇಲ್ಲದ ಊರು ಹುಡುಕಬೇಕು. ತಿಪ್ಪೆಯನ್ನು ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಮಾರಿ, ಅದೇ ದುಡ್ಡಿಗೆ ಡಿಎಪಿ ತರುವ ವ್ಯಾಪಾರವನ್ನು ಒಂದು ವರ್ಷ ನಿಲ್ಲಿಸಿ ನೋಡಿ. ಬಿಸಿಲಿಗೆ ಒಣಗುವ ತಿಪ್ಪೆಯ ಮೇಲೆ ಹೊಂಗೆ ಸೊಪ್ಪು ಹೊದಿಸಿ, ನೆರಳಿರಲಿ. ಬೇಸಿಗೆಯಲ್ಲಿ ಕೆರೆಗೋಡು ಹೊಡೆಸಿ. ಆದರೆ ಚರಂಡಿ, ಕಾರ್ಖಾನೆ ನೀರು ಸೇರುವ ಕೆರೆಯದು ಬೇಡ. ಜೀವಾಮೃತ ಅನ್ನುವ ದ್ರವ ಗೊಬ್ಬರಕ್ಕೆ ಎಕರೆಗೆ 200 ಲೀಟರ್ ನೀರು, 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಕಾಳಿನ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಡ್ರಮ್ಮಿನಲ್ಲಿ ನೆರಳಲ್ಲಿಟ್ಟು ದಿನಕ್ಕೆರಡು ಸಲ ತಿರುವಿ; ಎರಡು ದಿನ ಬಿಟ್ಟು ಹಾಕಲು ಶುರು ಮಾಡಿ, ವಾರದೊಳಗೆ ಮುಗಿಸಿ. ಇದು ಪವಾಡ ಅಂತ ನಂಬಿ ತಿಪ್ಪೆ ಗೊಬ್ಬರ ಬಿಡಬೇಡಿ. ಮಣ್ಣಿಗೆ ಹೊಟ್ಟೆ ತುಂಬ ಸೊಪ್ಪು ಸಗಣಿ ಬೇಕೇ ಬೇಕು.

‘ಇಳುವರಿ ಬರೋಲ್ಲ.’ ದೊಡ್ಡಬಳ್ಳಾಪುರ ತಾಲ್ಲೂಕಿನ ಮರಳೇನಹಳ್ಳಿಯ ಎಲ್. ನಾರಾಯಣ ರೆಡ್ಡಿಯವರನ್ನು ಕಂಡವರು ಇನ್ನೂ ಎಷ್ಟೋ ಜನ ಇದ್ದೀರಿ. ಅವರು ಶುರುವಿನಲ್ಲಿ ಮೂಟೆ ಗೊಬ್ಬರದ ರೈತರೇ. ಹೆಚ್ಚು ಬೆಳೆದು ಪ್ರಶಸ್ತಿ ಪಡೆದವರು. ಆಮೇಲೆ ಖರ್ಚು ಆದಾಯ ಕೂಡಿ ಕಳೆದು ನೋಡಿದರೆ ಕೈಯಿಂದ ಹೋಗಿತ್ತು. ಜಪಾನಿನ ಸಹಜ ಕೃಷಿಕ ಫುಕುವೋಕಾ ಅವರ ಪುಸ್ತಕ ಕೈಗೆ ಸಿಕ್ಕಿತು, ದಾರಿ ಬದಲಾಯಿತು. ಮರ, ದನ, ಕೋಳಿ, ಎರೆಹುಳು, ಹತ್ತಾರು ಬೆಳೆ ಒಟ್ಟಿಗಿಟ್ಟುಕೊಂಡು ಅವರು ಮಾಡಿದ ತೋಟ ನೋಡಲು ದೇಶ ವಿದೇಶದಿಂದ ಜನ ಬಂದರು. 2019ರ ಜನವರಿಯಲ್ಲಿ ಅವರು ತೀರಿಕೊಂಡರು. ಪಕ್ಕದೂರಿನವರಾದ ನಾವು ಅವರ ಫೋಟೋಗೆ ಹಾರ ಹಾಕಿದ್ದೇ ಹೆಚ್ಚು. ಅವರು ಮೊದಲು ಮಾಡಿದ ಕೆಲಸ ಲೆಕ್ಕ ಬರೆದದ್ದು. ನೀವೂ ಒಂದೆಕರೆ ಅಕ್ಕಡಿಗೆ ಒಂದು ಪುಟ, ಪಕ್ಕದ ಹೊಲಕ್ಕೆ ಒಂದು ಪುಟ ಬರೆಯಿರಿ. ನಿಮ್ಮ ಪುಟ ನಮ್ಮ ಮಾತನ್ನು ಸುಳ್ಳು ಮಾಡಿದರೆ ಅದನ್ನೂ ಊರ ಮುಂದೆ ಓದಿ.

ಹಿತ್ತಲಿಗೆ ಬನ್ನಿ

ಜಮೀನು ಮಾರಿದವರು, ಮೊದಲೇ ಇಲ್ಲದವರು, ನಮ್ಮ ಸೀಮೆಯ ವಿಜಯಪುರ, ಸೂಲಿಬೆಲೆ, ತ್ಯಾಮಗೊಂಡ್ಲಿನ ಬೀದಿಗಳಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿರುವವರು ಇದು ನಮಗಲ್ಲ ಅಂದುಕೊಳ್ಳಬೇಡಿ. ಸೋವಿಯತ್ ಒಕ್ಕೂಟ ಬಿದ್ದು ಎಣ್ಣೆ, ಗೊಬ್ಬರ ನಿಂತಾಗ ಕ್ಯೂಬಾದ ಹವಾನಾ ನಗರದ ಜನ ಖಾಲಿ ಸೈಟುಗಳಲ್ಲೇ ತರಕಾರಿ ಬೆಳೆದು ತಿಂದರು. ನಮಗೆ ಅಂಥ ಗತಿ ಬಂದಿಲ್ಲ. ಆದ್ದರಿಂದ ಸಾವಕಾಶವಾಗಿ ಮಾಡಬಹುದು.

ಮೊದಲು ನೀರು. ನಮ್ಮಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 800 ಮಿಲಿಮೀಟರ್ ಮಳೆ. ಹತ್ತು ಚದರದ ಮನೆಯ ತಾರಸಿ ಮೇಲೆ ಒಂದು ಇಂಚು ಮಳೆ ಬಿದ್ದರೆ 2,300 ಲೀಟರಿಗೂ ಹೆಚ್ಚು ನೀರು ಬಿದ್ದ ಹಾಗೆ. ಅಂದರೆ 200 ಲೀಟರಿನ ಹನ್ನೊಂದು ಡ್ರಮ್ಮು, ಒಂದೇ ಮಳೆಗೆ. ಇದನ್ನು ಚರಂಡಿಗೆ ಬಿಟ್ಟು ಟ್ಯಾಂಕರಿಗೆ ಫೋನು ಮಾಡುತ್ತೇವೆ. ಎರಡು ಡ್ರಮ್ಮಿನಿಂದ ಶುರು ಮಾಡಿ, ಬಾಯಿಗೆ ಸೊಳ್ಳೆ ಪರದೆ ಬಟ್ಟೆ ಕಟ್ಟಿ. ಬಚ್ಚಲ ನೀರಿಗೆ ಬಾಳೆ, ಪರಂಗಿ ಇಡಿ. ಸೋಪಿನ ನೀರನ್ನು ಸೊಪ್ಪಿಗೆ ಹಾಯಿಸಬೇಡಿ. ಅರ್ಕಾವತಿಯ ಕೊಳಚೆ ಸೇರಿದ ಕೆರೆಗಳ ನೀರಂತೂ ತಿನ್ನುವ ಯಾವ ಸೊಪ್ಪಿಗೂ ಬೇಡ. ದೊಡ್ಡತುಮಕೂರು, ಮಜರಾಹೊಸಹಳ್ಳಿ ಕಡೆಯವರಿಗೆ ಇದನ್ನು ನಾವು ಹೇಳಬೇಕೇ? ಅವರೇ ವರ್ಷಗಳಿಂದ ಬೀದಿಯಲ್ಲಿ ಕೂಗುತ್ತಿದ್ದಾರೆ.

ಮಣ್ಣು ಒಂದು ಬುಟ್ಟಿ, ತಿಪ್ಪೆ ಗೊಬ್ಬರ ಒಂದು ಬುಟ್ಟಿ, ಒಣ ಎಲೆ ಒಂದು ಬುಟ್ಟಿ. ಅಕ್ಕಿ ಚೀಲ, ಸಿಮೆಂಟ್ ಚೀಲ ತೊಳೆದು, ಕೆಳಗೆ ತೂತು ಮಾಡಿ ತುಂಬಿ. ಹಳೇ ಆಯಿಲ್ ಪೇಂಟಿನ ಡಬ್ಬ ಬೇಡ, ಬಣ್ಣದಲ್ಲಿ ಸೀಸ ಇರಬಹುದು. ಹೀರೆ, ಪಡವಲ, ಚಪ್ಪರದವರೆಯನ್ನು ಕಾಂಪೌಂಡಿಗೆ ಹಬ್ಬಿಸಿ. ನುಗ್ಗೆ ಒಂದು, ಕರಿಬೇವು ಒಂದು ಇರಲೇಬೇಕು. ಎದುರು ಮನೆಯಲ್ಲಿದೆ ಅಂತ ಬಿಡಬೇಡಿ, ಅವರೂ ಹಾಗೇ ಅಂದುಕೊಂಡಿರುತ್ತಾರೆ. ಮೆಂತ್ಯ, ದಂಟು, ಸಬ್ಬಸಿಗೆಯನ್ನು ಎಲ್ಲ ಒಂದೇ ದಿನ ಬಿತ್ತಿದರೆ ಎಲ್ಲ ಒಂದೇ ದಿನ ಬಲಿಯುತ್ತೆ, ಆಮೇಲೆ ತಿಂಗಳು ಖಾಲಿ. ವಾರಕ್ಕೊಂದು ಮೊಳ ಜಾಗ ಬಿತ್ತಿ. ನಾಲ್ಕನೇ ವಾರಕ್ಕೆ ಮೊದಲ ಮೊಳದ ಮೆಂತ್ಯ ಕೀಳಬಹುದು, ಅದೇ ಜಾಗಕ್ಕೆ ಮತ್ತೆ ಬಿತ್ತಬಹುದು. ಹೇನು ಬಿದ್ದರೆ ಒಲೆ ಬೂದಿ ಜರಡಿ ಹಿಡಿದು ಬೆಳಗಿನ ಇಬ್ಬನಿಯಲ್ಲಿ ಎರಚಿ. ಅಷ್ಟಕ್ಕೂ ಬಗ್ಗದಿದ್ದರೆ ಆ ಗಿಡ ಕಿತ್ತು ತಿಪ್ಪೆಗೆ ಹಾಕಿ, ಇನ್ನೊಂದು ನೆಡಿ. ಕೈತೋಟದ ಸುಖ ಅದೇ, ಒಂದು ಬದನೆ ಗಿಡ ಸತ್ತರೆ ಯಾರೂ ಸಾಲಗಾರರಾಗುವುದಿಲ್ಲ.

ದೇವನಹಳ್ಳಿಯವರಿಗೆ ಒಂದು ವಿಶೇಷ ಕೋರಿಕೆ. ನಿಮ್ಮ ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಬೆಂಗಳೂರು ಬ್ಲೂ ದ್ರಾಕ್ಷಿಗೂ ಸಿಕ್ಕಿದೆ. ಸರ್ಟಿಫಿಕೇಟು ಇದೆ, ಮರ ಎಲ್ಲಿದೆ? 2008ರಲ್ಲಿ ವಿಮಾನ ಹಾರಲು ಶುರುವಾದ ಮೇಲೆ ಎಷ್ಟು ಚಕ್ಕೋತದ ತೋಟ ಲೇಔಟಾಯಿತು ಅಂತ ನಿಮ್ಮೂರ ಹಿರಿಯರನ್ನು ಕೇಳಿ. ಹಳೇ ಮರ ಇರುವವರು ಈ ಮಳೆಗಾಲದಲ್ಲಿ ಗೂಟಿ ಕಟ್ಟಿ. ಬೇರು ಬಂದ ಕೊಂಬೆಯನ್ನು ಕತ್ತರಿಸಿ ನೆಂಟರಿಗೆ ಕೊಡಿ. ಸೀರೆ, ಕುಪ್ಪಸದ ಜೊತೆ ಮಡಿಲಿಗೆ ಒಂದು ಸಸಿ ಹಾಕಿದರೆ ಯಾರೂ ಬೇಡ ಅನ್ನುವುದಿಲ್ಲ.

ಬೀಜಕ್ಕೆ ಡೇರಿ ಮುಂದೆ ಸೇರಿ

ಅಂಗಡಿಯ ಹೈಬ್ರಿಡ್ ಬೀಜ ಈ ವರ್ಷ ಚೆನ್ನಾಗಿ ಬರುತ್ತೆ. ಅದರ ಕಾಯಿಯ ಬೀಜ ಮುಂದಿನ ವರ್ಷ ಹಾಗೇ ಬರುವುದಿಲ್ಲ. ಪ್ರತಿ ವರ್ಷ ಕೊಳ್ಳಲೇಬೇಕು. ನಾಟಿ ಬೀಜಕ್ಕೆ ಆ ಹಂಗಿಲ್ಲ. ನಮ್ಮ ದೇಶದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಸ್ಪಷ್ಟವಾಗಿ ಹೇಳುತ್ತೆ: ರೈತ ತನ್ನ ಬೆಳೆಯಿಂದ ಬೀಜ ಎತ್ತಿಡಬಹುದು, ಬಿತ್ತಬಹುದು, ಹಂಚಬಹುದು, ಬದಲಾಯಿಸಿಕೊಳ್ಳಬಹುದು, ಬ್ರ್ಯಾಂಡಿನ ಹೆಸರು ಹಾಕದೆ ಮಾರಲೂಬಹುದು. ಯಾರಾದರೂ ಬಂದು ಹೆದರಿಸಿದರೆ ಈ ಸಾಲು ತೋರಿಸಿ. ಈ ಹಕ್ಕು ಸುಮ್ಮನೆ ಬಂದದ್ದಲ್ಲ. 1992ರ ಡಿಸೆಂಬರಿನಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದಾಗಿನಿಂದ ನಡೆದ ಜಗಳದ ಹಿನ್ನೆಲೆ ಅದಕ್ಕಿದೆ.

ಬೀಜ ಹಂಚಲು ಸಭೆ, ಮೈಕು, ಶಾಮಿಯಾನ ಬೇಡ. ದಿನಕ್ಕೆರಡು ಹೊತ್ತು ಊರಿಗೆ ಊರೇ ಸೇರುವ ಜಾಗ ಆಗಲೇ ಇದೆ, ಹಾಲಿನ ಡೇರಿ. ಮುಂದಿನ ಸೋಮವಾರದಿಂದ ಹಾಲಿನ ಕ್ಯಾನಿನ ಜೊತೆ ಒಂದು ಹಿಡಿ ಬೀಜ ತನ್ನಿ. ಡೇರಿ ಜಗಲಿ ಮೇಲೆ ಒಂದು ಮೊರ ಇಡಿ. ಇದ್ದವರು ಹಾಕಿ, ಇಲ್ಲದವರು ತೆಗೆದುಕೊಳ್ಳಿ. ತೆಗೆದುಕೊಂಡವರು ಬೆಳೆ ಬಂದ ಮೇಲೆ ಎರಡು ಹಿಡಿ ವಾಪಸು ಹಾಕಿ. ಯಾರ ಮನೆಯದು, ಯಾವ ಊರಿನದು ಅಂತ ಕೇಳಿ ತಿಳಿದುಕೊಳ್ಳಿ. ಅಜ್ಜಿಯರ ಗಡಿಗೆಯಲ್ಲಿ, ಅಟ್ಟದ ಮೇಲೆ ಬೂದಿ, ಬೇವಿನ ಎಲೆ ಹಾಕಿ ಇಟ್ಟ ಅವರೆ, ಕೆಮ್ಮಣ್ಣು ಕಟ್ಟಿ ಒಣಗಿಸಿದ ತೊಗರಿ ಇನ್ನೂ ಇದೆ. ಅವರು ಹೋದ ಮೇಲೆ ಅಟ್ಟ ಗುಡಿಸುವವರಿಗೆ ಅದು ಕಸ. ಈಗಲೇ ಕೇಳಿ.

ಇನ್ನೂ ಬೇಕಾದರೆ, ರಾಗಿ ಬೀಜಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರ, ಮಣ್ಣು ಪರೀಕ್ಷೆ ಮತ್ತು ಸಲಹೆಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ, ತರಕಾರಿ ಬೀಜಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಹೈಬ್ರಿಡ್ ಅಲ್ಲದ್ದು ಕೊಡಿ ಅಂತ ಬಾಯಿ ಬಿಟ್ಟು ಕೇಳಿ.

ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕಾದದ್ದೂ ಇದೆ. ರಾಗಿ ಖರೀದಿ ಕೇಂದ್ರದಲ್ಲೇ ಹುಚ್ಚೆಳ್ಳು, ತೊಗರಿ ಕೊಳ್ಳಲಿ. ಅವರೆಗೂ ಬೆಂಬಲ ಬೆಲೆ ಬರಲಿ. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ನಮ್ಮ ಕೆರೆಗೆ ಬಿಡುವುದಾದರೆ ಮೂರನೇ ಹಂತದ ಶುದ್ಧೀಕರಣ ಮುಗಿಸಿ ಬಿಡಲಿ. ಶಾಲೆ, ಅಂಗನವಾಡಿಯ ಆವರಣದಲ್ಲಿ ಸಿಮೆಂಟ್ ಇಟ್ಟಿಗೆ ಹಾಸುವ ಮೊದಲು ಬಿಸಿಯೂಟಕ್ಕೆ ಸೊಪ್ಪು ಬೆಳೆಯುವಷ್ಟು ಮಣ್ಣು ಬಿಡಲಿ. ಇವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿಕೊಂಡು ಆಮೇಲೆ ಸಹಿ ಹಾಕಿ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಹೊತ್ತಿಗೆ ನಿಮ್ಮ ಹೊಲದಲ್ಲಿ ಅವರೆ ಬಿಟ್ಟಿರುತ್ತೆ. ಜೋಡೆತ್ತು ನೋಡಲು ಬರುವವರು ಜೇಬಿನಲ್ಲಿ ಹಿಂದಿನ ವರ್ಷದ ಒಣ ಬೀಜ ಹಾಕಿಕೊಂಡು ಬನ್ನಿ. ಹಳ್ಳಿಕಾರ್ ಎತ್ತು ಕಟ್ಟಿದವರ ಬಳಿ ಇನ್ನೂ ಕೂರಿಗೆಯೂ ಇರುತ್ತೆ, ನಾಟಿ ಬೀಜವೂ ಇರುತ್ತೆ; ಬದಲಾಯಿಸಿಕೊಳ್ಳೋಣ.

ಈ ಹಾಳೆಯ ಹಿಂಬದಿ ಖಾಲಿ ಬಿಟ್ಟಿದ್ದೇವೆ. ಓದಿ ಆದ ಮೇಲೆ ಮಡಚಿ ಬೀಜದ ಪೊಟ್ಟಣ ಕಟ್ಟಿ. ಮೇಲೆ ಬೀಜದ ಹೆಸರು, ಊರು, ಯಾವ ಮಳೆಗೆ ಬಿತ್ತಿದ್ದು ಅಂತ ಬರೆದು ಮೊರಕ್ಕೆ ಹಾಕಿ.